ತಟ್ಟೆ ಮೇಲೊಂದು ಕಣ್ಣು, ಮೀಟರ್ ಮೇಲೊಂದು ಕಣ್ಣು

ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಶುಗರ್ ಸರಾಸರಿ ಹೇಳುವ ರಕ್ತ ಪರೀಕ್ಷೆ) 7.4, ಅಂದರೆ ಡಯಾಬಿಟಿಸ್, ಅಂತ ರಿಪೋರ್ಟ್ ಬಂದ ದಿನವೇ ಟೀಗೆ ಸಕ್ಕರೆ ಹಾಕೋದು ಬಿಟ್ಟೆ. ಅಷ್ಟಕ್ಕೇ ಏನೋ ದೊಡ್ಡದು ಸಾಧಿಸಿದವನ ಹಾಗೆ ಬೀಗುತ್ತಿದ್ದೆ. ಅದೇ ಮಧ್ಯಾಹ್ನ ತಟ್ಟೆ ತುಂಬ ಅನ್ನ ಉಂಡು, ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿದರೆ ಮೀಟರ್‌ನಲ್ಲಿ 226. ಒಂದು ಟೀ ಚಮಚ ಸಕ್ಕರೆ ಅಂದರೆ ಸುಮಾರು 4 ಗ್ರಾಂ. ಒಂದು ಕಪ್ ಅನ್ನದಲ್ಲಿ ಹತ್ತಿರ ಹತ್ತಿರ 45 ಗ್ರಾಂ ಕಾರ್ಬೋಹೈಡ್ರೇಟ್. ನಾನು ಉಂಡಿದ್ದು ಎರಡು ಕಪ್. ಲೆಕ್ಕ ನೀವೇ ಹಾಕಿ.

ಸಿಹಿ ಬಿಟ್ಟರೆ ಸಾಲದು. ಅನ್ನ, ಬ್ರೆಡ್, ಆಲೂಗಡ್ಡೆ ಎಲ್ಲವೂ ಜೀರ್ಣವಾಗಿ ಗ್ಲೂಕೋಸ್ ಆಗಿಯೇ ರಕ್ತಕ್ಕೆ ಸೇರುತ್ತವೆ. ಅದನ್ನು ಸ್ನಾಯುಗಳ ಒಳಗೆ ಸೇರಿಸೋದು ಇನ್ಸುಲಿನ್ ಕೆಲಸ. ಇನ್ಸುಲಿನ್ ರೆಸಿಸ್ಟೆನ್ಸ್ ಇದ್ದರೆ ಸ್ನಾಯು, ಲಿವರ್ ಎರಡೂ ಅದರ ಮಾತು ಸರಿಯಾಗಿ ಕೇಳುವುದಿಲ್ಲ. ದೇಹ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಸುತ್ತದೆ. ಅದೂ ಸಾಲದಾದಾಗ ಶುಗರ್ ಏರುತ್ತದೆ.

ಸುಮಾರು ಒಂಬತ್ತು ಇಂಚಿನ ತಟ್ಟೆ ತಗೊಳ್ಳಿ. ಅರ್ಧಕ್ಕೆ ಸೊಪ್ಪು, ಬೀನ್ಸ್, ಎಲೆಕೋಸಿನಂಥ ತರಕಾರಿ. ಕಾಲು ಭಾಗಕ್ಕೆ ಕಾಳು, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗಕ್ಕೆ ಅನ್ನ. ಆಲೂಗಡ್ಡೆಯೂ ತರಕಾರಿನೇ ಅಲ್ವಾ ಅಂತ ಅರ್ಧದ ಕಡೆ ತಳ್ಳಬೇಡಿ, ಅದು ಅನ್ನದ ಪಾಲು.

ಇನ್ನು ಪರೀಕ್ಷೆ. ಊಟಕ್ಕೆ ಮುಂಚೆ ಒಂದು ಸಲ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು ಸಲ ಶುಗರ್ ನೋಡಿ, ತಿಂದಿದ್ದನ್ನೂ ಪಕ್ಕದಲ್ಲೇ ಬರೆದಿಡಿ. ಊಟದ ನಂತರ 180ರ ಒಳಗಿರಲಿ ಅನ್ನೋದು ಹೆಚ್ಚಿನವರಿಗೆ ಹೇಳುವ ಗುರಿ. ಗರ್ಭಿಣಿಯರಿಗೆ ಲೆಕ್ಕ ಬೇರೆ.

ನಾನು ಮಾರನೇ ದಿನ ಅನ್ನ ಒಂದು ಕಪ್‌ಗೆ ಇಳಿಸಿದೆ, ಬೀನ್ಸ್ ಮತ್ತು ಮೊಟ್ಟೆ ಮೊದಲು ತಿಂದು ಅನ್ನ ಕೊನೆಗೆ ಉಂಡೆ, ಕೈ ತೊಳೆದು ಹದಿನೈದು ನಿಮಿಷ ನಡೆದೆ. ಮೀಟರ್ 151 ತೋರಿಸಿತು. ಖುಷಿಯೇನೋ ಆಯಿತು, ಆದರೆ ಮೂರನ್ನೂ ಒಟ್ಟಿಗೆ ಬದಲಾಯಿಸಿದ್ದು ಪೆದ್ದುತನ. ಯಾವುದರಿಂದ ಎಷ್ಟು ಇಳಿಯಿತು ಅಂತ ಗೊತ್ತಾಗಲಿಲ್ಲ. ಆಮೇಲೆ ಒಂದೊಂದಾಗಿ ನೋಡುತ್ತಾ ಬಂದೆ. ನನಗೆ ಜಾಸ್ತಿ ಫರಕು ಕಂಡಿದ್ದು ಅನ್ನದ ಅಳತೆಯಲ್ಲಿ, ಆಮೇಲೆ ನಡಿಗೆಯಲ್ಲಿ. ನಡೆಯುವಾಗ ಸ್ನಾಯುಗಳು ಇನ್ಸುಲಿನ್ ಹಂಗಿಲ್ಲದೆಯೂ ಗ್ಲೂಕೋಸ್ ಎಳೆದುಕೊಳ್ಳುತ್ತವೆ. ತರಕಾರಿ ಮೊದಲು ತಿನ್ನುವುದರಿಂದ ಶುಗರ್ ಒಮ್ಮೆಲೇ ಜಿಗಿಯದೆ ನಿಧಾನಕ್ಕೆ ಏರುತ್ತದೆ. ನಿಮ್ಮ ಮೈ ನನ್ನ ಹಾಗೇ ಇರಬೇಕೆಂದಿಲ್ಲ, ಅದಕ್ಕೇ ಮೀಟರ್.

ಹಣ್ಣು ತಿನ್ನಿ, ಜ್ಯೂಸ್ ಬೇಡ. ಒಂದು ಲೋಟ ಜ್ಯೂಸ್‌ಗೆ ಮೂರು ಕಿತ್ತಳೆ ಬೇಕು. ಮೂರನ್ನು ಒಟ್ಟಿಗೆ ಅಗಿದು ತಿನ್ನುತ್ತೀರಾ?

ತೂಕ ಜಾಸ್ತಿ ಇದ್ದರೆ ಸ್ವಲ್ಪ ಇಳಿಸಿದರೂ ಲಾಭವಿದೆ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಡಯಾಬಿಟಿಸ್‌ನ ಹೊಸ್ತಿಲಲ್ಲಿದ್ದವರಿಗೆ ಶೇ 7ರಷ್ಟು ತೂಕ ಇಳಿಸುವ, ವಾರಕ್ಕೆ 150 ನಿಮಿಷ ವ್ಯಾಯಾಮ ಮಾಡುವ ಗುರಿ ಕೊಟ್ಟಿದ್ದರು. ಅವರಲ್ಲಿ ಡಯಾಬಿಟಿಸ್ ಬರುವುದು ಶೇ 58ರಷ್ಟು ತಗ್ಗಿತು.

ಗುಳಿಗೆ ಅಥವಾ ಇನ್ಸುಲಿನ್ ತಗೊಳ್ಳುವವರು, ಕಿಡ್ನಿ ತೊಂದರೆ ಇರುವವರು ಊಟ ಬದಲಿಸುವ ಮುಂಚೆ ಡಾಕ್ಟರನ್ನು ಕೇಳಲೇಬೇಕು. ನಾನು ಕೇಳಲಿಲ್ಲ. ಇನ್ಸುಲಿನ್ ಜಾಸ್ತಿ ಸುರಿಸುವ ಗುಳಿಗೆ ನುಂಗಿ, ಬೇಗ ಇಳಿಯಲಿ ಅಂತ ರಾತ್ರಿ ಊಟ ಬಿಟ್ಟೆ. ಹತ್ತು ಗಂಟೆಗೆ ಕೈ ನಡುಗಿ, ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ಮೀಟರ್‌ಗೆ ಹಾಕುವ ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆಗೆಯಲೂ ಆಗುತ್ತಿಲ್ಲ. ಶುಗರ್ 58. ಎಪ್ಪತ್ತಕ್ಕಿಂತ ಕಮ್ಮಿ ಬಂದರೆ ತಕ್ಷಣ 15 ಗ್ರಾಂ ಸಕ್ಕರೆ, ಅಂದರೆ ಮೂರ್ನಾಲ್ಕು ಟೀ ಚಮಚ, ಇಲ್ಲವೇ ಅರ್ಧ ಕಪ್ ಜ್ಯೂಸ್ ತಗೊಂಡು, ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು. ಇನ್ನೂ ಕಮ್ಮಿ ಇದ್ದರೆ ಇನ್ನೊಂದು ಸಲ. ಬಿಟ್ಟಿದ್ದ ಜ್ಯೂಸ್ ಈಗ ಫ್ರಿಜ್‌ಗೆ ವಾಪಸ್ ಬಂದಿದೆ, ಚಿಕ್ಕ ಪೊಟ್ಟಣದಲ್ಲಿ, ಇದಕ್ಕೆ ಮಾತ್ರ.