ಜೌಗು ಪ್ರದೇಶಕ್ಕೆ ಅಂತರರಾಷ್ಟ್ರೀಯ ಕಾನೂನಿನ ಆಸರೆ ಪಡೆಯುವ ಬಗೆ

ಕೆರೆಯೋ ಅಳಿವೆಯೋ ಕಾಂಡ್ಲಾವನವೋ ಹಾಳಾಗುತ್ತಿದೆ ಎಂದು ಮನವಿ ಬರೆಯಲು ಕೂರುವ ಮುನ್ನ, 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಅಂಗೀಕಾರವಾಗಿ 1975ರಲ್ಲಿ ಜಾರಿಗೆ ಬಂದ, ಜೌಗು ಪ್ರದೇಶಗಳ ರಕ್ಷಣೆಗಾಗಿ ಇರುವ ರಾಮ್ಸಾರ್ ಒಪ್ಪಂದದ ಮೊದಲ ಐದು ವಿಧಿಗಳನ್ನು ಓದಿಕೊಳ್ಳಬೇಕು. ಒಂದನೆಯ ವಿಧಿಯ ವ್ಯಾಖ್ಯೆ ಬಹಳ ವಿಶಾಲವಾದುದು. ನೈಸರ್ಗಿಕವಾಗಿರಲಿ ಮನುಷ್ಯ ಕಟ್ಟಿದ್ದಿರಲಿ, ನೀರು ವರ್ಷವಿಡೀ ನಿಲ್ಲಲಿ ಕೆಲವೇ ತಿಂಗಳು ನಿಲ್ಲಲಿ, ಸಿಹಿಯಾಗಿರಲಿ ಉಪ್ಪಾಗಿರಲಿ, ಅದು ಜೌಗು ಪ್ರದೇಶವೇ. ಇಳಿತದ ವೇಳೆ ಆರು ಮೀಟರಿಗಿಂತ ಆಳವಿಲ್ಲದ ಸಮುದ್ರವೂ ಇದರಲ್ಲಿ ಸೇರುತ್ತದೆ.

ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಹೆಸರಿಲ್ಲದ ಜಾಗಕ್ಕೆ ಈ ಒಪ್ಪಂದ ಅನ್ವಯಿಸುವುದಿಲ್ಲ ಎಂದು ಹಲವರು ಕೈಬಿಟ್ಟುಬಿಡುತ್ತಾರೆ. ಅದು ತಪ್ಪು. ಮೂರನೆಯ ವಿಧಿಯ ಪ್ರಕಾರ ಸದಸ್ಯ ರಾಷ್ಟ್ರವು ತನ್ನ ಎಲ್ಲ ಜೌಗು ಪ್ರದೇಶಗಳ ವಿವೇಕಯುತ ಬಳಕೆಗೆ ಸಾಧ್ಯವಿದ್ದಷ್ಟೂ ಯೋಜನೆ ರೂಪಿಸಬೇಕು. ಪಟ್ಟಿಗೆ ಸೇರಿಸಬೇಕೆಂದು ಒತ್ತಾಯಿಸುವುದಾದರೆ ಒಂಬತ್ತು ಮಾನದಂಡಗಳಲ್ಲಿ ಒಂದಕ್ಕೆ ಹೊಂದಿದರೂ ಸಾಕು. 20,000 ನೀರುಹಕ್ಕಿಗಳು ನಿಯಮಿತವಾಗಿ ನೆಲೆಸುವುದು, ಇಲ್ಲವೇ ಒಂದು ಜಾತಿಯ ಹಕ್ಕಿಸಂಕುಲದ ಶೇಕಡಾ 1ರಷ್ಟು ಅಲ್ಲಿ ಕಾಣಿಸಿಕೊಳ್ಳುವುದು ಅವುಗಳಲ್ಲಿ ಎರಡು.

ಪಟ್ಟಿಯಲ್ಲಿರುವ ತಾಣವಾದರೆ ಅದರ ಬಗ್ಗೆ ಸರ್ಕಾರ ಒಪ್ಪಂದದ ಸಚಿವಾಲಯಕ್ಕೆ ಸಲ್ಲಿಸಿದ ಮಾಹಿತಿ ಪತ್ರವನ್ನು ಮೊದಲು ಕೈಗೆತ್ತಿಕೊಳ್ಳಿ. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಜೀವ ಇರುವುದೇ ಈ ದಾಖಲೆಯಲ್ಲಿ. ಅದರ ಗಡಿ ನಕ್ಷೆ, ನೀರಿನ ಮೂಲ, ಲವಣಾಂಶ, ಹಕ್ಕಿ-ಮೀನುಗಳ ವಿವರಗಳೇ ಆ ತಾಣದ ಪರಿಸರ ಲಕ್ಷಣಕ್ಕೆ ಅಳತೆಗೋಲು. ಮಾನವ ಚಟುವಟಿಕೆಯಿಂದ ಆ ಲಕ್ಷಣ ಬದಲಾಗಿದ್ದರೆ, ಬದಲಾಗುತ್ತಿದ್ದರೆ ಅಥವಾ ಬದಲಾಗುವ ಸಂಭವವಿದ್ದರೆ, ಸರ್ಕಾರ ಆ ಸಚಿವಾಲಯಕ್ಕೆ ವಿಳಂಬವಿಲ್ಲದೆ ತಿಳಿಸಬೇಕೆಂದು ಮೂರನೆಯ ವಿಧಿಯ ಎರಡನೆಯ ಖಂಡ ವಿಧಿಸುತ್ತದೆ. ಆದ್ದರಿಂದ ‘ಕೆರೆ ಸಾಯುತ್ತಿದೆ’ ಎಂದಷ್ಟೇ ಬರೆದರೆ ಸಾಲದು. ನೀರು ತರುವ ಕಾಲುವೆಗೆ ಮಣ್ಣು ಸುರಿದಿದ್ದರೆ, ಪತ್ರದಲ್ಲಿ ಆ ಕಾಲುವೆಯನ್ನು ನಮೂದಿಸಿರುವ ಸಾಲು, ದಿನಾಂಕವಿರುವ ಇಂದಿನ ಚಿತ್ರ, ಹಿಂದಿನ ಎಣಿಕೆ ನಡೆದ ತಿಂಗಳಲ್ಲೇ ಮಾಡಿದ ಹಕ್ಕಿಗಳ ಎಣಿಕೆ, ಈ ಮೂರನ್ನೂ ಅಕ್ಕಪಕ್ಕ ಇಡಬೇಕು. ಚಳಿಗಾಲದ ಲೆಕ್ಕಕ್ಕೆ ಬೇಸಿಗೆಯ ಲೆಕ್ಕವನ್ನು ಹೋಲಿಸಿದರೆ ಇಡೀ ದೂರು ಬಿದ್ದುಹೋಗುತ್ತದೆ.

ಮನವಿಯನ್ನು ದೇಶದ ರಾಮ್ಸಾರ್ ಆಡಳಿತ ಪ್ರಾಧಿಕಾರಕ್ಕೆ, ಅಂದರೆ ಒಪ್ಪಂದದ ಹೊಣೆ ಹೊತ್ತ ಸರ್ಕಾರಿ ಇಲಾಖೆಗೆ ಬರೆದು, ಪ್ರತಿಯನ್ನು ಸ್ವಿಟ್ಜರ್ಲೆಂಡಿನ ಗ್ಲಾಂಡ್‌ನಲ್ಲಿರುವ ಒಪ್ಪಂದದ ಸಚಿವಾಲಯಕ್ಕೆ ಕಳುಹಿಸಿ. ಸಚಿವಾಲಯ ಯಾರನ್ನೂ ದಂಡಿಸಲಾರದು, ಆದರೆ ಸರ್ಕಾರದಿಂದ ವಿವರಣೆ ಕೇಳಬಲ್ಲದು. ತಜ್ಞರ ಸಲಹಾ ತಂಡವನ್ನು ಕರೆಸುವಂತೆ, ಅಪಾಯದಲ್ಲಿರುವ ತಾಣಗಳ ಮಾಂಟ್ರೂ ದಾಖಲೆಗೆ ಸೇರಿಸುವಂತೆ ಸರ್ಕಾರವನ್ನು ಕೋರಿ. ಅದರ ಒಪ್ಪಿಗೆಯಿಲ್ಲದೆ ಸೇರ್ಪಡೆ ಸಾಧ್ಯವಿಲ್ಲ. ಇದನ್ನು ಅವಮಾನವೆಂದು ಭಾವಿಸುವ ಅಧಿಕಾರಿಗಳಿಗೆ ಚಿಲಿಕಾ ಸರೋವರದ ಉದಾಹರಣೆ ಕೊಡಬಹುದು. 1993ರಲ್ಲಿ ಆ ದಾಖಲೆ ಸೇರಿದ ಚಿಲಿಕಾಕ್ಕೆ 2000ದಲ್ಲಿ ಸಮುದ್ರದತ್ತ ಹೊಸ ಬಾಯಿ ತೆರೆದ ಮೇಲೆ ಲವಣಾಂಶವೂ ಮೀನುಗಾರಿಕೆಯೂ ಚೇತರಿಸಿಕೊಂಡು, 2002ರಲ್ಲಿ ಅದು ದಾಖಲೆಯಿಂದ ಹೊರಬಂತು.

ಗಡಿಯನ್ನೇ ಕುಗ್ಗಿಸುವ ಪ್ರಸ್ತಾವ ಬಂದರೆ, ತುರ್ತು ರಾಷ್ಟ್ರೀಯ ಹಿತಾಸಕ್ತಿ ಏನೆಂದು ಕೇಳಿ. ಎರಡನೆಯ ವಿಧಿ ಅದೊಂದೇ ಕಾರಣವನ್ನು ಒಪ್ಪುತ್ತದೆ, ನಾಲ್ಕನೆಯ ವಿಧಿ ಸಾಧ್ಯವಾದಷ್ಟು ನಷ್ಟ ತುಂಬಿಕೊಡಲು ಹೇಳುತ್ತದೆ. ನೀರು ಎರಡು ದೇಶಗಳದ್ದಾದರೆ ಐದನೆಯ ವಿಧಿಯ ಸಮಾಲೋಚನೆಯ ಕರ್ತವ್ಯವನ್ನು ಉಲ್ಲೇಖಿಸಿ. ಅಂತರರಾಷ್ಟ್ರೀಯ ನ್ಯಾಯಾಲಯದ ಬಾಗಿಲು ದೇಶಗಳಿಗೆ ಮಾತ್ರ ತೆರೆದಿದೆ. ಕೋಸ್ಟಾರಿಕಾದ ಜೌಗು ನೆಲದಲ್ಲಿ ಕಾಲುವೆ ತೋಡಿ ಮರ ಕಡಿದ ನಿಕರಾಗುವಾ, ಪರಿಸರಕ್ಕಾದ ಹಾನಿಗೇ ಪ್ರತ್ಯೇಕವಾಗಿ 1,20,000 ಡಾಲರ್ ಕೊಡಬೇಕೆಂದು ಆ ನ್ಯಾಯಾಲಯ 2018ರಲ್ಲಿ ತೀರ್ಪು ನೀಡಿತು.

ಮಾಹಿತಿ ಪತ್ರವನ್ನು ಕನಿಷ್ಠ ಆರು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ನಿಮ್ಮ ತಾಣದ ಪತ್ರದ ಮೇಲಿನ ದಿನಾಂಕ ಅದಕ್ಕಿಂತ ಹಳೆಯದಾಗಿದ್ದರೆ ಮನವಿಯನ್ನು ಆ ಸಂಗತಿಯಿಂದಲೇ ಆರಂಭಿಸಿ.