ಪೈಪಿನ ಒಳಗಿನ ಬೀಡ್: ಟಿಗ್ ವೆಲ್ಡಿಂಗ್ ಕಲಿತ ನನ್ನ ಅನುಭವ

ಪೈಪ್ ಜಾಯಿಂಟ್ ಕೆಲಸದಲ್ಲಿ ನಾವು ವೆಲ್ಡ್ ಮಾಡುವುದು ಹೊರಗಿನಿಂದ. ಆದರೆ ಜಾಯಿಂಟ್ ಪಾಸೋ ಫೇಲೋ ಅಂತ ತೀರ್ಮಾನ ಆಗುವುದು ಹೆಚ್ಚಾಗಿ ಒಳಗಿನ ಬೀಡ್ (ಕರಗಿ ಗಟ್ಟಿಯಾದ ಲೋಹದ ಪಟ್ಟಿ) ಮೇಲೆ. ಮೇಲಿನ ಕ್ಯಾಪ್ (ಕೊನೆಯ ಪದರ) ಎಷ್ಟೇ ಚೆನ್ನಾಗಿ ಕಾಣಲಿ, ರೂಟ್ (ಮೊದಲು ಹಾಕುವ ಒಳ ಪದರ) ಕೂಡಿಲ್ಲ ಅಂದರೆ ಎಕ್ಸ್‌ರೇಯಂಥ ರೇಡಿಯೋಗ್ರಫಿ ಫಿಲ್ಮ್‌ನಲ್ಲಿ ಕಪ್ಪು ಗೆರೆ ಬಂದೇ ಬರುತ್ತದೆ. ನಾನು ಕಲಿತದ್ದೆಲ್ಲ ಕಣ್ಣಿಗೆ ಕಾಣದ ಆ ಒಳಗಿನ ಬೀಡನ್ನು ಹೊರಗೆ ನಿಂತು ಸರಿಯಾಗಿ ಕೂರಿಸುವುದು ಹೇಗೆ ಅನ್ನುವುದನ್ನೇ.

ನಾನು ಪೀಣ್ಯದಲ್ಲಿ ಆರ್ಕ್ ವೆಲ್ಡಿಂಗ್ ಮಾಡುತ್ತಿದ್ದವನು. ಸ್ಟ್ರಕ್ಚರ್, ಟ್ಯಾಂಕ್, ಪ್ಲೇಟ್ ಕೆಲಸ. ಆರ್ಗಾನ್, ಅಂದರೆ ಟಂಗ್‌ಸ್ಟನ್ ಕಡ್ಡಿಯ ಟಾರ್ಚ್‌ನಿಂದ ಆರ್ಗಾನ್ ಗ್ಯಾಸ್ ರಕ್ಷಣೆಯಲ್ಲಿ ಮಾಡುವ ಟಿಗ್ ವೆಲ್ಡಿಂಗ್, ಕಲಿಯಬೇಕು ಅಂತ ಆಸೆ ಹುಟ್ಟಿದ್ದು ಪೈಪ್ ವೆಲ್ಡರ್‌ಗಳ ಕೈ ನೋಡಿ. ಕಲಿಸಿದವರು ಭದ್ರಾವತಿ ಕಡೆಯ ಒಬ್ಬ ಹಿರಿಯ ವೆಲ್ಡರ್. ನಾವೆಲ್ಲ ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದೆವು. ಅವರು ಮೊದಲು ನನಗೆ ಟಾರ್ಚ್ ಕೊಡಲಿಲ್ಲ, ಜಾಯಿಂಟ್‌ಗೆ ಕರಗಿಸಿ ತುಂಬುವ ಒಂದು ಫಿಲ್ಲರ್ ವೈರ್ ಕೊಟ್ಟರು. 'ಗ್ಲೌಸ್ ಹಾಕ್ಕೊಂಡು ಇದನ್ನ ಬೆರಳಲ್ಲೇ ಮುಂದೆ ತಳ್ಳೋದು ಕಲಿಯಪ್ಪಾ, ಆಮೇಲೆ ಬಾ' ಅಂದರು.

ಸುಮ್ನೆ ಕೂತಾಗ, ಬಸ್ಸಿನಲ್ಲಿ, ಟೀ ಕುಡಿಯುವಾಗಲೂ ವೈರ್ ಕೈಯಲ್ಲೇ ಇರುತ್ತಿತ್ತು. ತೋರುಬೆರಳು ಮತ್ತು ನಡುಬೆರಳು ವೈರ್ ಹಿಡಿಯಬೇಕು, ಹೆಬ್ಬೆರಳು ಅದನ್ನು ಮುಂದಕ್ಕೆ ಜಾರಿಸಬೇಕು. ವೈರಿನ ತುದಿ ಅಲುಗಬಾರದು. ಇದು ಸಣ್ಣ ವಿಷಯ ಅನ್ನಿಸುತ್ತದೆ, ಅಲ್ವಾ? ಆದರೆ ರೂಟ್ ಹಾಕುವಾಗ ಮಧ್ಯದಲ್ಲಿ ನಿಂತು ಕೈ ಬದಲಿಸಿದರೆ ಅಲ್ಲೊಂದು ಸ್ಟಾಪ್. ಪ್ರತಿ ಸ್ಟಾಪ್ ಕೂಡ ಡಿಫೆಕ್ಟ್‌ಗೆ ಒಂದು ಅವಕಾಶ. ಬೆರಳು ಪಳಗಿದ ಮೇಲೆ ಕಣ್ಣು ಪೂರ್ತಿ ಪಡಲ್ (ಕರಗಿದ ಲೋಹದ ಸಣ್ಣ ಕೊಳ) ಮೇಲೆ ಇರುತ್ತದೆ. ವೈರಿನ ಯೋಚನೆಯೇ ಬರುವುದಿಲ್ಲ.

ಎರಡನೇ ಅಭ್ಯಾಸ ಆರ್ಕ್ ಹೊಡೆಯದೆ ಪೈಪ್ ಸುತ್ತುವುದು. ಪ್ಲೇಟ್‌ನಲ್ಲಿ ಟಾರ್ಚ್ ಒಂದೇ ಕೋನದಲ್ಲಿ ಹೋಗುತ್ತದೆ. ಪೈಪ್‌ನಲ್ಲಿ ಮುಂದೆ ಹೋದಷ್ಟೂ ಮೇಲ್ಮೈ ತಿರುಗುತ್ತಲೇ ಇರುತ್ತದೆ, ಮಣಿಕಟ್ಟೂ ಅದರ ಜೊತೆ ತಿರುಗಬೇಕು. ಪೈಪಿನ ಸುತ್ತನ್ನು ಗಡಿಯಾರದ ಮುಖ ಅಂದುಕೊಳ್ಳಿ. ಕೆಳಗಿನ 6 ಗಂಟೆ ಜಾಗದಿಂದ ಮೇಲಿನ 12ರವರೆಗೆ ತಣ್ಣನೆಯ ಟಾರ್ಚ್ ಹಿಡಿದು ಹೋಗಿ ನೋಡಿದರೆ ಮೊಣಕೈ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಕೇಬಲ್ ಎಲ್ಲಿ ಎಳೆಯುತ್ತದೆ, ಕತ್ತು ಎಲ್ಲಿ ತಿರುಗುವುದಿಲ್ಲ ಎಲ್ಲವೂ ಮೊದಲೇ ಗೊತ್ತಾಗುತ್ತದೆ. ಈಗಲೂ ಹೊಸ ಜಾಯಿಂಟ್ ಮುಂದೆ ಕೂತರೆ ನಾನು ಇದನ್ನು ಬಿಡುವುದಿಲ್ಲ.

ಇನ್ನು ಫಿಟ್‌ಅಪ್, ಅಂದರೆ ವೆಲ್ಡ್‌ಗೆ ಮೊದಲು ಪೈಪ್‌ಗಳನ್ನು ಸಜ್ಜು ಮಾಡಿ ಜೋಡಿಸುವುದು. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಕಲಿಯಲು ಎರಡಿಂಚಿನ ಶೆಡ್ಯೂಲ್ 80 (ದಪ್ಪದ ದರ್ಜೆ) ಎಂಎಸ್ (ಸಾದಾ ಉಕ್ಕಿನ) ಪೈಪ್ ಒಳ್ಳೆಯದು. ಹೊರವ್ಯಾಸ 60.3 ಮಿಮೀ, ದಪ್ಪ 5.54 ಮಿಮೀ. ಸಣ್ಣ ಪೈಪ್ ಆದ್ದರಿಂದ ಕೋನ ಬೇಗ ಬೇಗ ಬದಲಾಗುತ್ತದೆ, ಕೈ ಚೆನ್ನಾಗಿ ಪಳಗುತ್ತದೆ. ಎರಡೂ ತುದಿಗೆ 37.5 ಡಿಗ್ರಿ ಬೆವೆಲ್ (ಇಳಿಜಾರು ಅಂಚು), 1ರಿಂದ 1.5 ಮಿಮೀ ರೂಟ್ ಫೇಸ್ (ಇಳಿಜಾರಿನ ತುದಿಯಲ್ಲಿ ಬಿಡುವ ಚಪ್ಪಟೆ ಅಂಚು). ಬೆವೆಲ್ ಮಾತ್ರ ಅಲ್ಲ, ಒಳಗೂ ಹೊರಗೂ ಒಂದಿಂಚಿನಷ್ಟು ಜಾಗ ಗ್ರೈಂಡ್ ಮಾಡಿ ಹೊಳೆಯುವ ಲೋಹ ಬರಿಸುತ್ತೇನೆ. ಆರ್ಕ್ ವೆಲ್ಡಿಂಗ್‌ನಲ್ಲಿ ರಾಡಿನ ಫ್ಲಕ್ಸ್ ಸ್ವಲ್ಪ ಕೊಳೆ ಹೊತ್ತುಕೊಂಡು ಹೋಗುತ್ತದೆ. ಟಿಗ್‌ನಲ್ಲಿ ಫ್ಲಕ್ಸೇ ಇಲ್ಲ. ತುಕ್ಕು, ಎಣ್ಣೆ, ಪೇಂಟ್ ಇದ್ದರೆ ಅದು ನೇರ ಪಡಲ್‌ಗೇ ಹೋಗುತ್ತದೆ.

ಗ್ಯಾಪ್ ಎಷ್ಟಿರಬೇಕು ಅನ್ನುವುದರಲ್ಲಿ ಒಬ್ಬೊಬ್ಬರದು ಒಂದೊಂದು ರೂಢಿ. ನಾನು 2.4 ಮಿಮೀ ವೈರ್ ಬಳಸುವಾಗ ಗ್ಯಾಪ್ 3.2 ಮಿಮೀ ಇಡುತ್ತೇನೆ. 3.2ರ ವೈರನ್ನೇ ಬಗ್ಗಿಸಿ ಎರಡು ಪೈಪ್ ನಡುವೆ ಇಟ್ಟರೆ ಗ್ಯಾಪ್ ತಾನಾಗಿ ಸಿಗುತ್ತದೆ. ಇಷ್ಟು ಅಗಲ ಯಾಕೆ ಅಂದರೆ, ಟ್ಯಾಕ್ (ಪೈಪ್ ಅಲುಗದಂತೆ ಹಾಕುವ ತುಂಡು ವೆಲ್ಡ್) ಹಾಕಿದಾಗಲೂ ರೂಟ್ ಸಾಗಿದಾಗಲೂ ಲೋಹ ಕುಗ್ಗಿ ಗ್ಯಾಪ್ ಮುಚ್ಚಿಕೊಳ್ಳುತ್ತಾ ಬರುತ್ತದೆ. ಇಕ್ಕಟ್ಟಾದ ಗ್ಯಾಪ್‌ನಲ್ಲಿ ಆಂಪ್ (ಕರೆಂಟ್) ಏರಿಸಿ ಪೆನಿಟ್ರೇಶನ್ (ಒಳತನಕ ಕರಗಿ ಕೂಡುವುದು) ತರಿಸಲು ಹೋದರೆ ಅಂಚು ಕರಗುವ ಮೊದಲೇ ಪಡಲ್ ಕೈಮೀರುತ್ತದೆ.

ಟ್ಯಾಕ್‌ಗಳನ್ನು 6 ಮತ್ತು 12ರಲ್ಲಿ ಹಾಕುವುದಿಲ್ಲ, ಏಕೆಂದರೆ ಅಲ್ಲಿ ನನ್ನ ಬೀಡ್ ಶುರುವಾಗುತ್ತದೆ, ಮುಗಿಯುತ್ತದೆ. ಟ್ಯಾಕ್ ಹಾಕಿದ ಮೇಲೆ ಅದರ ಎರಡೂ ತುದಿಯನ್ನು ತೆಳು ಡಿಸ್ಕ್‌ನಲ್ಲಿ ಇಳಿಜಾರಾಗಿ ಗ್ರೈಂಡ್ ಮಾಡಲೇಬೇಕು. ದಪ್ಪ ಟ್ಯಾಕ್‌ಗೆ ಬಂದು ಬಡಿದ ಪಡಲ್ ಅದನ್ನು ಕರಗಿಸುವುದಿಲ್ಲ, ಮೇಲೆ ಹತ್ತಿ ಕೂರುತ್ತದೆ. ತೆಳ್ಳಗಿನ ಇಳಿಜಾರು ಇದ್ದರೆ ಸಲೀಸಾಗಿ ಕೂಡಿಕೊಳ್ಳುತ್ತದೆ.

ಈಗ ರೂಟ್. ಮೆಷಿನ್ ಡಿಸಿ, ಟಾರ್ಚ್ ನೆಗೆಟಿವ್. ಎರಡಿಂಚಿನ ಪೈಪ್‌ಗೆ ನನಗೆ 85ರಿಂದ 95 ಆಂಪ್ ಸರಿಹೋಗುತ್ತದೆ. ಟಾರ್ಚ್ ಇಟ್ಟು ಎರಡೂ ಅಂಚು ಕರಗಲು ಬಿಟ್ಟಾಗ ಮುಂದೆ ಗ್ಯಾಪ್‌ಗಿಂತ ಸ್ವಲ್ಪ ದೊಡ್ಡದಾದ ಒಂದು ಸಣ್ಣ ತೂತು ತೆರೆಯುತ್ತದೆ. ಅದೇ ಕೀಹೋಲ್. 'ವೈರ್ ನೋಡ್ಬೇಡ, ತೂತು ನೋಡು' ಅಂತ ಅಣ್ಣ ಬೆನ್ನ ಹಿಂದೆ ನಿಂತು ಹೇಳುತ್ತಲೇ ಇರುತ್ತಿದ್ದರು. ಕೀಹೋಲ್ ಇದೆ ಅಂದರೆ ಒಳ ಅಂಚು ಕರಗುತ್ತಿದೆ ಅಂತ ಅರ್ಥ. ಅದು ಮುಚ್ಚಿಹೋದರೆ ಮೇಲೆ ಮಾತ್ರ ಲೋಹ ತುಂಬುತ್ತಿದೆ, ಒಳಗೆ ಕೂಡುತ್ತಿಲ್ಲ. ತೂತು ಹಿಗ್ಗುತ್ತಾ ಹೋದರೆ ಬಿಸಿ ಜಾಸ್ತಿ, ಆಗ ವೈರ್ ಜಾಸ್ತಿ ಕೊಡಬೇಕು, ಇಲ್ಲವೇ ಬೇಗ ಸಾಗಬೇಕು. ಒಳಗೆ ನಡೆಯುತ್ತಿರುವುದನ್ನು ಹೊರಗಿನವನಿಗೆ ತಿಳಿಸುವುದು ಆ ತೂತು ಒಂದೇ.

ಕಷ್ಟದ ಜಾಗ 6 ಗಂಟೆ. ಅಲ್ಲಿ ನಾವು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ವೆಲ್ಡ್ ಮಾಡುತ್ತೇವೆ, ಕರಗಿದ ಲೋಹ ತನ್ನ ಭಾರಕ್ಕೆ ನಮ್ಮ ಕಡೆಗೆ ಜೋತುಬೀಳುತ್ತದೆ. ಹೊರಗೆ ಬೀಡ್ ಉಬ್ಬಿ ಚೆನ್ನಾಗಿ ಕಾಣುತ್ತದೆ, ಒಳಗೆ ಮಾತ್ರ ಹಳ್ಳ. ನಾವು ಇದನ್ನು ಸಕ್‌ಬ್ಯಾಕ್ ಅನ್ನುತ್ತೇವೆ. ಇದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಉಪಾಯ ವೈರನ್ನು ಒಳಗಿನಿಂದ ಕೊಡುವುದು. ಪಕ್ಕದ ಗ್ಯಾಪ್‌ನಲ್ಲಿ, ಅಂದರೆ 3 ಅಥವಾ 9 ಗಂಟೆ ಜಾಗದಲ್ಲಿ ವೈರ್ ತೂರಿಸಿ, ಅದರ ತುದಿ ಪೈಪಿನ ಒಳಮೈಯಲ್ಲಿ ಕೀಹೋಲ್ ಅಂಚಿಗೆ ಬರುವಂತೆ ಹಿಡಿಯುತ್ತೇನೆ. 3.2ರ ಗ್ಯಾಪ್ ಇಲ್ಲಿ ಕೆಲಸಕ್ಕೆ ಬರುತ್ತದೆ, 2.4ರ ವೈರ್ ಸಲೀಸಾಗಿ ಜಾರುತ್ತದೆ. ಲೋಹ ಒಳಗಿನಿಂದಲೇ ಸೇರುವುದರಿಂದ ಬೀಡ್ ಒಳಮುಖವಾಗಿ ತುಂಬಿಕೊಳ್ಳುತ್ತದೆ. ಇನ್ನೊಂದು ಲಾಭ, ಎದುರಿನ ತೆರೆದ ಗ್ಯಾಪ್ ಮೂಲಕ ಕಣ್ಣು ಹಾಯಿಸಿದರೆ ಬೀಡ್ ಕೂರುವುದು ನೇರವಾಗಿ ಕಾಣುತ್ತದೆ. ಕರಗಿದ ವೈರ್ ಎರಡೂ ಅಂಚಿಗೆ ಹರಡಿ, ಹೊಳೆಯುತ್ತಾ, ಹಿಂದೆ ಸಣ್ಣ ಸಣ್ಣ ಅಲೆಯಾಗಿ ಗಟ್ಟಿಯಾಗುತ್ತದೆ. ಅದನ್ನು ಕಣ್ಣಾರೆ ನೋಡಿದ ಮೇಲೆ ರೂಟ್ ಅಂದರೆ ಏನು ಅಂತ ನನಗೆ ನಿಜವಾಗಿ ಅರ್ಥವಾಯಿತು.

4 ಅಥವಾ 8 ಗಂಟೆ ದಾಟಿದ ಮೇಲೆ ವೈರನ್ನು ಹೊರಗಿನಿಂದ ಕೊಡಲು ಶುರು ಮಾಡುತ್ತೇನೆ. ಮೇಲೆ 12ರ ಹತ್ತಿರ ಎಲ್ಲ ಉಲ್ಟಾ. ಅಲ್ಲಿ ಲೋಹ ಒಳಕ್ಕೆ ಇಳಿಯುತ್ತದೆ, ಪೆನಿಟ್ರೇಶನ್ ಜಾಸ್ತಿಯಾಗುತ್ತದೆ. ಸ್ವಲ್ಪ ಬೇಗ ಸಾಗಬೇಕು, ವೈರನ್ನು ಪಡಲ್ ಅಂಚಿನಲ್ಲೇ ಇಡಬೇಕು.

ನಿಲ್ಲಿಸುವುದೂ ಒಂದು ವಿದ್ಯೆ. ಸೈಟ್‌ನಲ್ಲಿ ಕರೆಂಟ್ ಮೆಲ್ಲಗೆ ಇಳಿಸುವ ಕಾಲಿನ ಪೆಡಲ್ ಇರುವುದಿಲ್ಲ, ಹೆಚ್ಚಾಗಿ ಸ್ಕ್ರ್ಯಾಚ್ ಮಾಡಿ ಆರ್ಕ್ ಹೊಡೆಯುವ ಟಾರ್ಚ್. ಥಟ್ಟನೆ ಎತ್ತಿದರೆ ಕೊನೆಯಲ್ಲಿ ಕುಳಿ ಬಿದ್ದು ಅದರ ನಡುವೆ ಪಿನ್‌ಹೋಲ್ ಅಥವಾ ಬಿರುಕು ಉಳಿಯುತ್ತದೆ. ಅದಕ್ಕೇ ಆರ್ಕನ್ನು ಬೆವೆಲ್ ಗೋಡೆಯ ಮೇಲಕ್ಕೆ ಎಳೆದುಕೊಂಡು ಹೋಗಿ ಅಲ್ಲಿ ಬಿಡುತ್ತೇನೆ. ಆರ್ಕ್ ಆರಿದ ಮೇಲೂ ಟಾರ್ಚನ್ನು ಅಲ್ಲೇ ಹಿಡಿದು, ಕೆಂಪು ಇಳಿಯುವ ತನಕ ಆರ್ಗಾನ್ ಹರಿಯಲು ಬಿಡುತ್ತೇನೆ. ಮತ್ತೆ ಶುರು ಮಾಡುವ ಮೊದಲು ಆ ತುದಿಯನ್ನೂ ಟ್ಯಾಕ್‌ನ ಹಾಗೇ ಇಳಿಜಾರು ಗ್ರೈಂಡ್ ಮಾಡಿ, ಸ್ವಲ್ಪ ಹಿಂದಿನಿಂದ ಆರ್ಕ್ ಹೊಡೆದು, ಕೀಹೋಲ್ ಮತ್ತೆ ತೆರೆದ ಮೇಲೆ ಮಾತ್ರ ವೈರ್ ಕೊಡುತ್ತೇನೆ.

ಕಪ್ ನಡೆಸುವುದು, ಅಂದರೆ ವಾಕಿಂಗ್ ದ ಕಪ್, ಎಲ್ಲರೂ ಕೇಳುವ ವಿಷಯ. ಮನೆಯಲ್ಲಿ ಬೀರು ಜರುಗಿಸುವಾಗ ಎತ್ತುವುದಿಲ್ಲ, ಒಂದು ಮೂಲೆ ಊರಿ ಇನ್ನೊಂದು ಮೂಲೆ ಮುಂದೆ ತಿರುಗಿಸುತ್ತೇವೆ. ಟಾರ್ಚ್ ತುದಿಯ ಸಿರಾಮಿಕ್ ಕಪ್ಪನ್ನು ಬೆವೆಲ್‌ಗೆ ಊರಿ ನಡೆಸುವುದೂ ಹಾಗೇ. ಆರ್ಕ್ ಉದ್ದ ಬದಲಾಗುವುದಿಲ್ಲ, ಅಲೆ ಒಂದೇ ಸಮ ಬರುತ್ತದೆ, ಕೈಗೆ ಆಯಾಸ ಕಡಿಮೆ. ದಪ್ಪ ಪೈಪಿನ ಹಾಟ್ ಪಾಸ್‌ಗೂ (ರೂಟ್ ಮೇಲಿನ ಎರಡನೇ ಪದರ) ಕ್ಯಾಪ್‌ಗೂ ನನಗೆ ಇದೇ ಇಷ್ಟ. ಆದರೆ ಕಲಿಯುವವರು ಫ್ರೀಹ್ಯಾಂಡ್ ಬಿಟ್ಟು ಇದನ್ನಷ್ಟೇ ಕಲಿಯಬಾರದು ಅಂತ ಗಟ್ಟಿಯಾಗಿ ಹೇಳುತ್ತೇನೆ. ಬಾಯ್ಲರ್ ಟ್ಯೂಬ್‌ಗಳ ನಡುವೆ ಕಪ್ ಊರಿ ಅಲುಗಾಡಿಸುವಷ್ಟು ಜಾಗ ಎಷ್ಟೋ ಸಲ ಇರುವುದಿಲ್ಲ.

6ಜಿ ಅಂದರೆ ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದು, ತಿರುಗಿಸದೆ ವೆಲ್ಡ್ ಮಾಡುವ ಟೆಸ್ಟ್. ವೆಲ್ಡರ್ ಅರ್ಹತೆಯ ಅಮೆರಿಕನ್ ನಿಯಮಾವಳಿ ಎಎಸ್‌ಎಂಇ ಸೆಕ್ಷನ್ 9ರ ಪ್ರಕಾರ ಇದು ಪಾಸಾದರೆ ಗ್ರೂವ್ ವೆಲ್ಡ್‌ನ (ಅಂಚುಗಳ ನಡುವಿನ ಸಂದಿ ತುಂಬುವ ವೆಲ್ಡ್) ಎಲ್ಲ ಪೊಸಿಷನ್‌ಗೂ ಅರ್ಹತೆ ಸಿಗುತ್ತದೆ. ಓರೆ ಇರುವುದರಿಂದ ಪಡಲ್ ಸದಾ ಕೆಳಗಿನ ಪೈಪ್ ಕಡೆಗೆ ವಾಲುತ್ತದೆ, ಮೇಲಿನ ಅಂಚಿನಲ್ಲಿ ಅಂಡರ್‌ಕಟ್ (ಕರಗಿ ತುಂಬದೆ ಉಳಿದ ಗೀರು) ಬೀಳುತ್ತದೆ. ಮೇಲಿನ ಅಂಚಿನಲ್ಲಿ ಒಂದು ಕ್ಷಣ ಜಾಸ್ತಿ ನಿಂತು, ವೈರನ್ನೂ ಅಲ್ಲೇ ಕೊಟ್ಟರೆ ಸಮ ಬರುತ್ತದೆ. ರೂಟ್ ಚೆನ್ನಾಗಿ ಬಂದಿದ್ದರೆ ಮುಂದಿನ ಪಾಸ್‌ಗಳು ತಾಳ್ಮೆಯ ಕೆಲಸ ಅಷ್ಟೆ.

ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಪೈಪ್‌ಗೆ ಬಂದರೆ ಪರ್ಜ್ (ಪೈಪಿನ ಒಳಗಿನ ಗಾಳಿ ತೆಗೆದು ಆರ್ಗಾನ್ ತುಂಬುವುದು) ಇಲ್ಲದೆ ಕೆಲಸವಿಲ್ಲ. ಒಳಗೆ ಗಾಳಿ ಇದ್ದರೆ ರೂಟ್‌ನ ಹಿಂಬದಿ ಸುಟ್ಟು ಕಪ್ಪು ಹರಳು ಹರಳಾಗಿ ಉಕ್ಕುತ್ತದೆ. ಡೈರಿ ಲೈನ್‌ನಲ್ಲಿ ಅಂಥ ಸಂದಿಯಲ್ಲಿ ಹಾಲು ನಿಂತು ಕ್ರಿಮಿ ಬೆಳೆಯುತ್ತದೆ. ಬೇರೆ ಕಡೆ ತುಕ್ಕು ಅಲ್ಲಿಂದಲೇ ಶುರು. ಎರಡೂ ಬಾಯಿ ಮುಚ್ಚಿ, ಆರ್ಗಾನನ್ನು ಕೆಳಗಿನಿಂದ ಬಿಟ್ಟು, ಮೇಲೆ ಒಂದು ಸಣ್ಣ ತೂತಿನಲ್ಲಿ ಗಾಳಿ ಹೊರಹೋಗಲು ಬಿಡಬೇಕು. ಆರ್ಗಾನ್ ಗಾಳಿಗಿಂತ ಸುಮಾರು 1.4 ಪಟ್ಟು ಭಾರ, ಕೆಳಗಿನಿಂದ ತುಂಬುತ್ತಾ ಗಾಳಿಯನ್ನು ಮೇಲೆ ನೂಕುತ್ತದೆ. ಜಾಯಿಂಟ್‌ಗೂ ಟೇಪ್ ಸುತ್ತಿ, ವೆಲ್ಡ್ ಸಾಗಿದಷ್ಟು ಬಿಚ್ಚುತ್ತಾ ಹೋಗಬೇಕು.

ಗಾಳಿ ಹೊರಹೋಗುವ ಆ ತೂತಿನ ಹತ್ತಿರ ಲೈಟರ್ ಹಿಡಿದು, ಉರಿ ಆರಿದರೆ ಪರ್ಜ್ ಆಯಿತು ಅನ್ನುವವರು ತುಂಬಾ ಜನ. ಇದನ್ನು ನಂಬಬೇಡಿ. ಆಮ್ಲಜನಕ ಶೇ. 16ರ ಆಸುಪಾಸಿಗೆ ಇಳಿದರೂ ಉರಿ ಆರುತ್ತದೆ. ನಮಗೆ ಬೇಕಿರುವುದು ಶೇ. 0.1ಕ್ಕಿಂತ ಕಡಿಮೆ. ಆಕ್ಸಿಜನ್ ಮೀಟರ್ ಇದ್ದರೆ ಅದೇ ಸರಿ. ಕೊನೆಯ ಸ್ವಲ್ಪ ಗ್ಯಾಪ್ ಮುಚ್ಚುವಾಗ ಒಳಗಿನ ಗ್ಯಾಸ್ ಕಡಿಮೆ ಮಾಡಬೇಕು, ಇಲ್ಲದಿದ್ದರೆ ಒತ್ತಡಕ್ಕೆ ಪಡಲ್ ಹೊರಗೆ ಚಿಮ್ಮುತ್ತದೆ. ಬೀಡ್ ಬೆಳ್ಳಿ ಅಥವಾ ತೆಳು ಬಂಗಾರದ ಬಣ್ಣ ಇದ್ದರೆ ಒಳ್ಳೆಯದು, ಬೂದು ಆದರೆ ಗ್ಯಾಸೋ ಬಿಸಿಯೋ ಕೆಟ್ಟಿದೆ. ಎಸ್‌ಎಸ್‌ಗೆ ಎಸ್‌ಎಸ್ ಬ್ರಷ್ಷೇ, ಅದೂ ಎಂಎಸ್ ಮುಟ್ಟದ್ದು. ಇನ್ನೊಂದು ಮಾತು, ಆರ್ಗಾನ್‌ಗೆ ವಾಸನೆಯಿಲ್ಲ. ಗುಂಡಿಯಲ್ಲಿ, ಟ್ಯಾಂಕ್ ಒಳಗೆ, ದೊಡ್ಡ ಪೈಪಿನೊಳಗೆ ಅದು ತಳದಲ್ಲಿ ತುಂಬಿ ಮನುಷ್ಯನ ಉಸಿರು ನಿಲ್ಲಿಸುತ್ತದೆ. ಮೀಟರ್ ಇಲ್ಲದೆ, ಹೊರಗೆ ಒಬ್ಬರು ನಿಲ್ಲದೆ ಒಳಗೆ ಇಳಿಯಬೇಡಿ.

ಟಾರ್ಚ್‌ಗೆ ಗ್ಯಾಸ್ ನಿಮಿಷಕ್ಕೆ 8ರಿಂದ 12 ಲೀಟರ್ ಸಾಕು. ಜಾಸ್ತಿ ಬಿಟ್ಟರೆ ಸುಳಿ ಎದ್ದು ಗಾಳಿಯನ್ನೇ ಒಳಗೆ ಎಳೆಯುತ್ತದೆ. ಫ್ಯಾನ್ ಬಂದ್. ಕರಾವಳಿಯ ಮಳೆಗಾಲದಲ್ಲಿ ಸುತ್ತ ಟಾರ್ಪಾಲ್ ಕಟ್ಟಿ, ಪೈಪನ್ನು ಬಿಸಿ ಮಾಡಿ ತೇವ ಆರಿಸದೆ ಟ್ಯಾಕ್ ಕೂಡ ಹಾಕಬಾರದು. ಟಾರ್ಚ್‌ನ ಟಂಗ್‌ಸ್ಟನ್ ಕಡ್ಡಿಯನ್ನು ಉದ್ದುದ್ದಕ್ಕೆ ಗ್ರೈಂಡ್ ಮಾಡಿ, ಅಡ್ಡಡ್ಡ ಗೀರು ಬಿದ್ದರೆ ಆರ್ಕ್ ಅಲೆದಾಡುತ್ತದೆ. ಕೆಂಪು ತುದಿಯದ್ದರಲ್ಲಿ ಥೋರಿಯಂ ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ನಾನು ಲ್ಯಾಂಥನಂ ಇರುವುದಕ್ಕೆ ಬದಲಾದೆ, ಕೆಲಸದಲ್ಲಿ ಏನೂ ಕೊರತೆ ಕಾಣಲಿಲ್ಲ.

ಬಾಯ್ಲರ್ ಕೆಲಸಕ್ಕೆ ಹೋಗುವ ಆಸೆ ಇದ್ದವರು ಕನ್ನಡಿ ಅಭ್ಯಾಸವನ್ನೂ ಮಾಡಿ. ರಾಯಚೂರಿನ ಶಕ್ತಿನಗರದಂಥ ಥರ್ಮಲ್ ಸ್ಥಾವರದ ಶಟ್‌ಡೌನ್‌ನಲ್ಲಿ ಗೋಡೆಗೆ ಅಂಟಿದಂತಿರುವ ಟ್ಯೂಬಿನ ಹಿಂಬದಿ ನೇರವಾಗಿ ಕಣ್ಣಿಗೆ ಬೀಳುವುದಿಲ್ಲ, ಕನ್ನಡಿ ಇಟ್ಟು ನೋಡಿಕೊಂಡೇ ವೆಲ್ಡ್ ಮಾಡಬೇಕು. ಟಾರ್ಚ್ ಹತ್ತಿರ ತಂದರೆ ಕನ್ನಡಿಯಲ್ಲಿ ದೂರ ಹೋದಂತೆ ಕಾಣುತ್ತದೆ, ಕೈಗೂ ಕಣ್ಣಿಗೂ ಜಗಳ. ಇದಕ್ಕೆ ಆರ್ಕ್ ಬೇಕಿಲ್ಲ. ಮನೆಯಲ್ಲಿ ಒಂದು ಪೈಪ್ ತುಂಡಿನ ಹಿಂದೆ ಕನ್ನಡಿ ನಿಲ್ಲಿಸಿ, ಪೆನ್ಸಿಲ್ ತುದಿಯನ್ನು ಚಾಕ್ ಗೆರೆಯ ಮೇಲೆ ನಡೆಸಿದರೆ ಸಾಕು. ಕನ್ನಡಿ ನೋಡುತ್ತಾ ಗೆರೆ ತಪ್ಪದೆ ಹೋಗಲು ಬಂದ ಮೇಲೆ ಕೂಪನ್ (ಅಭ್ಯಾಸದ ಪೈಪ್ ತುಂಡು) ಕಟ್ಟಿಕೊಳ್ಳಿ. ಪ್ರತಿ ಕೂಪನ್ನನ್ನೂ ಉದ್ದಕ್ಕೆ ಸೀಳಿ ಒಳಗಿನ ಬೀಡ್ ನೋಡಿ, 6, 9, 12 ಅಂತ ಚಾಕ್‌ನಲ್ಲಿ ಗುರುತು ಹಾಕಿ, ಯಾವ ಜಾಗದಲ್ಲಿ ಹಳ್ಳ, ಯಾವ ಜಾಗದಲ್ಲಿ ಉಬ್ಬು ಅಂತ ಬರೆದಿಡಿ. ಮುಂದಿನ ತುಂಡಿನಲ್ಲಿ ಆ ಜಾಗದಿಂದಲೇ ಶುರು ಮಾಡಿ. ಟೆಸ್ಟ್ ಪಾಸಾದ ಮೇಲೂ ಟಿಗ್ ಕೆಲಸ ಬಿಟ್ಟು 6 ತಿಂಗಳು ದಾಟಿದರೆ ಆ ಅರ್ಹತೆ ಹೋಗುತ್ತದೆ, ಮತ್ತೆ ಟೆಸ್ಟ್ ಕೊಡಬೇಕು. ಆದ್ದರಿಂದ ಮಾಡಿದ ಜಾಯಿಂಟ್‌ಗಳ ಲಾಗ್ ಬರೆಸಿ, ಇನ್‌ಸ್ಪೆಕ್ಟರ್ ಸಹಿ ಹಾಕಿಸಿ ನಿಮ್ಮ ಹತ್ತಿರ ಒಂದು ಪ್ರತಿ ಇಟ್ಟುಕೊಳ್ಳಿ.