ಮೈಕ್ ಇಲ್ದೆ ವೀಣೆ ಕಚೇರಿ: ಹಳೇ ಮನೆ ಹಾಲಲ್ಲಿ ನನ್ನ ಅನುಭವ

"ಮೈಕ್ ಇಲ್ದೆ ವೀಣೆ ಮೂರನೇ ಸಾಲಿಗೂ ಮುಟ್ಟಲ್ಲ" ಅಂತ ನನಗೆ ಹೇಳಿದವ್ರು ಹತ್ತು ಜನಕ್ಕೆ ಕಮ್ಮಿ ಇಲ್ಲ, ಅದ್ರಲ್ಲಿ ಇಬ್ರು ವೈಣಿಕರೇ. ಹೋದ ಭಾನುವಾರ ಮೈಸೂರಲ್ಲಿ, ಕೃಷ್ಣಮೂರ್ತಿಪುರಂನ ನಮ್ಮಜ್ಜಿ ಮನೆ ಹಾಲಲ್ಲಿ ಸಾವೇರಿ ರಾಗದ ತಾನ (ತಾಳ ಇಲ್ಲದೆ ಲಯದಲ್ಲಿ ರಾಗ ಬೆಳೆಸೋದು) ನುಡಿಸಿದೆ, ಬಾಗಿಲ ಹತ್ರ ಕೂತಿದ್ದ ಹಿರಿಯರೊಬ್ರು ಅನುಮಂದ್ರದ, ಅಂದ್ರೆ ಎಲ್ಲಕ್ಕಿಂತ ಕೆಳಗಿನ ಸ್ವರದ ತಂತಿಯ, ನಾದ ಪೂರ್ತಿ ನಿಲ್ಲೋ ತನಕ ಕೇಳಿಸ್ತು ಅಂದ್ರು. ಅದಕ್ಕೇ ಬರೀತಿದೀನಿ. ನುಡಿಸೋರಿಗೆ ಅಂತ ಬರೀತಿರೋದು, ಮೊದಲಿಂದ ಎಲ್ಲ ಹೇಳೋಕೆ ಹೋಗಲ್ಲ.

ಮೊದಲನೇ ಕಚೇರಿ ಪೂರ್ತಿ ಕೆಟ್ಟೋಯ್ತು. ಸಂಜೆ 6 ಗಂಟೆ, ಹಾಲು ಸುಮಾರು 26 ಅಡಿ ಉದ್ದ 15 ಅಡಿ ಅಗಲ, ಬಾಡಿಗೆ ಕುರ್ಚಿ 60 ತಂದು ಉದ್ದಕ್ಕೆ ಸಾಲಾಗಿ ಹಾಕಿ ನಾನು ಒಂದು ತುದೀಲಿ ಕೂತೆ, ಮೇಲೆ ಮೂರು ಫ್ಯಾನು, ಹೊರಗೆ ಸ್ಕೂಟರ್ ಸದ್ದು, ಪಕ್ಕದಲ್ಲಿ ಮೃದಂಗ. ಮುಗಿದ ಮೇಲೆ ಚಿಕ್ಕಮ್ಮ ಬಂದು "ಮೃದಂಗ ಚೆನ್ನಾಗಿ ಕೇಳಿಸ್ತು ಕಣೇ, ನಿನ್ನ ಬೆರಳು ಓಡೋದು ಕಾಣಿಸ್ತಿತ್ತು ಅಷ್ಟೇ" ಅಂದ್ರು. ರಾತ್ರಿ ನಿದ್ದೆ ಬರ್ಲಿಲ್ಲ. ಖರ್ಚು 14 ಸಾವಿರದ ಹತ್ತಿರ, ಡಬ್ಬಿಗೆ ಬಿದ್ದಿದ್ದು ಮೂರೂವರೆ ಸಾವಿರ.

ಎರಡನೇ ಸಲ ಹೆದರಿ ನಾಲ್ಕೂವರೆ ಸಾವಿರ ಕೊಟ್ಟು ಸೌಂಡ್ ಸಿಸ್ಟಮ್ ತರಿಸ್ದೆ, ವೀಣೆಗೆ ಪಿಕಪ್ (ವಾದ್ಯದ ಸದ್ದು ಹಿಡಿದು ಸ್ಪೀಕರಿಗೆ ಕಳಿಸೋ ಪುಟ್ಟ ಸಾಧನ) ಹಾಕಿದ್ವಿ. ಕೇಳಿಸೋದೇನೋ ಕೇಳಿಸ್ತು, ಆದ್ರೆ ಅದು ನನ್ನ ವೀಣೆ ಅಲ್ಲ, ಹಲಸಿನ ಮರದ ನಾದ ಎಲ್ಲೋಯ್ತೋ ಗೊತ್ತಿಲ್ಲ, ಬರೀ ತಂತಿ. ಸಾಲದ್ದಕ್ಕೆ ವಿಡಿಯೋದವ್ರು ಹ್ಯಾಲೊಜನ್ ಲೈಟನ್ನ ಹತ್ತಿರ ಇಟ್ಟು ಮೆಟ್ಟಿಲು (ಸ್ವರದ ಜಾಗಕ್ಕೆ ಕೂರಿಸಿದ ಲೋಹದ ಪಟ್ಟಿ) ಹಿಡಿದಿಡೋ ಮೇಣ ಮೆತ್ತಗಾಗಿ ಮೇಲಿನ ನಾಲ್ಕೈದು ಜರುಗಿಬಿಟ್ಟವು, ಗಾಂಧಾರ ಎಲ್ಲೋ ಕೂತಿತ್ತು. ಮತ್ತೆ ಮೇಣ ಹಾಕಿಸಿ ಮೆಟ್ಟಿಲು ಕೂರಿಸೋಕೆ ಐದೂವರೆ ಸಾವಿರ, ಮೂರು ವಾರ ಕೈಯಲ್ಲಿ ವಾದ್ಯ ಇಲ್ಲ.

ಆಗ ಯೋಚನೆ ಬಂತು. ಮೈಸೂರಿನ ದೊಡ್ಡ ವೈಣಿಕ ವೀಣೆ ಶೇಷಣ್ಣನವ್ರು ತೀರಿಕೊಂಡಿದ್ದು 1926ರಲ್ಲಿ, ಅವರು ಜೀವಮಾನ ಪೂರ್ತಿ ನುಡಿಸಿದ್ದು ಯಾವ ಮೈಕಲ್ಲಿ? ಪಿಟೀಲು ವಿದ್ವಾನ್ ಚೌಡಯ್ಯನವ್ರು ಪಿಟೀಲಿಗೆ ಏಳು ತಂತಿ ಹಾಕಿದ್ದೇ ದೊಡ್ಡ ಸಭೇಲಿ ಹಿಂದಿನ ಸಾಲಿಗೂ ಮುಟ್ಲಿ ಅಂತ. ಅವರು ವಾದ್ಯ ದೊಡ್ಡದು ಮಾಡಿದ್ರು, ನಾನು ಸಭೆ ಚಿಕ್ಕದು ಮಾಡಿದ್ರೆ ಆಯ್ತಲ್ಲ ಅನ್ನಿಸ್ತು.

ಹೊತ್ತು ಬದಲಾಯಿಸಿದ್ದೇ ಎಲ್ಲಕ್ಕಿಂತ ದೊಡ್ಡ ಕೆಲಸ ಮಾಡ್ತು. ಬೆಳಿಗ್ಗೆ ಆರೂವರೆಗೆ ಶುರು. ಫ್ಯಾನ್ ಬೇಡ, ಗಾಡಿ ಇಲ್ಲ, ಫ್ರಿಜ್ ಆಫ್, ಪಕ್ಕದ ಮನೆಯವ್ರಿಗೆ ಹಿಂದಿನ ದಿನವೇ ಹೋಗಿ "ಎಂಟೂವರೆ ತನಕ ಮಿಕ್ಸಿ ಹಾಕ್ಬೇಡಿ ಅಮ್ಮ" ಅಂತ ಕೇಳ್ಕೊಂಡು ಬರ್ತೀನಿ, ಈಗ ಅವರೂ ಬಂದು ಕೂರ್ತಾರೆ. ಸುತ್ತಲ ಸದ್ದನ್ನ ಫೋನ್ ಆ್ಯಪಲ್ಲಿ ಅಳೆದ್ರೆ ಸಂಜೆ 45 ಡೆಸಿಬಲ್ ಹತ್ರ ತೋರಿಸ್ತಿದ್ದದ್ದು ಬೆಳಿಗ್ಗೆ 30ರ ಆಸುಪಾಸು. ಆಮೇಲೆ ಕೂರೋ ದಿಕ್ಕು. ನಾನೀಗ ಉದ್ದದ ಗೋಡೆಗೆ ಬೆನ್ನು ಹಾಕಿ ಮಧ್ಯದಲ್ಲಿ ಕೂರ್ತೀನಿ, ಕೇಳೋರು ಸುತ್ತ ಅರ್ಧಚಂದ್ರ, ಎಲ್ಲರೂ ನೆಲದ ಮೇಲೆ ಜಮಖಾನದಲ್ಲಿ, ಮಂಡಿ ನೋವಿರೋರಿಗೆ ಮಾತ್ರ ಕುರ್ಚಿ. 35 ಜನಕ್ಕಿಂತ ಒಬ್ರೂ ಜಾಸ್ತಿ ಇಲ್ಲ. ನನ್ನ ಕೆಳಗೆ ಜಮಖಾನ ಹಾಕಲ್ಲ, ವೀಣೆ ಕೊಡದ (ನಾದ ತುಂಬೋ ದುಂಡು ಭಾಗ) ಕೆಳಗೆ ಬಟ್ಟೆ ಇಟ್ರೆ ಅರ್ಧ ನಾದ ಅಲ್ಲೇ ಹೋಗುತ್ತೆ. ಒಳಗೆ ಟೊಳ್ಳಿರೋ ಒಂದು ಹಲಸಿನ ಹಲಗೆ ಮಾಡಿಸಿದೀನಿ, 2,200 ಆಯ್ತು, ಕೊಡ ಅದರ ಮೇಲೆ ಕೂರುತ್ತೆ. ಅದರ ಎತ್ತರ ಎಷ್ಟು, ಒಳಗೆ ಏನಿದೆ ಅನ್ನೋದನ್ನ ಹೇಳಲ್ಲ, ನಾಲ್ಕು ಹಲಗೆ ಹಾಳು ಮಾಡಿ ಕಂಡುಕೊಂಡಿದ್ದು ಅದು.

ಸಾರಣಿ, ಅಂದ್ರೆ ರಾಗ ನುಡಿಸೋ ಮುಖ್ಯ ತಂತೀನ, ಒಂದು ಅಳತೆ ದಪ್ಪ ಹಾಕಿ ನೋಡ್ದೆ. ಸದ್ದು ಜಾಸ್ತಿ ಆಯ್ತು, ಆದ್ರೆ ಸಾವೇರಿ ರಿಷಭ ಎಳೆಯೋಷ್ಟರಲ್ಲಿ ಬೆರಳು ಸೀಳ್ತು. ತೆಗೆದುಬಿಟ್ಟೆ.

ಪಿಟೀಲಿನದು ಬೇರೆ ಕಥೆ, ಅದರ ಸದ್ದು ತಗ್ಗಿಸ್ಬೇಕಿತ್ತು. ಪಕ್ಕವಾದ್ಯಕ್ಕೆ ಬರೋ ಹುಡುಗಿಗೆ ರಬ್ಬರ್ ಮ್ಯೂಟ್ (ಸದ್ದು ತಗ್ಗಿಸೋ ತುಂಡು) ಹಾಕು ಅಂದೆ, ಮೂಗು ಕಟ್ಟಿದ ಹಾಗೆ ಕೇಳಿಸ್ತು. ಕೊನೆಗೆ ಮ್ಯೂಟ್ ತೆಗೆಸಿ ಕಮಾನನ್ನ ಕುದುರೆಯಿಂದ (ತಂತಿ ಎತ್ತಿ ಹಿಡಿಯೋ ಮರದ ತುಂಡು) ದೂರ, ಬೆರಳು ಓಡೋ ಹಲಗೆ ಕಡೆಗೆ ತಗೊಂಡು ಹಗುರವಾಗಿ ಎಳಿ ಅಂದೆ, "ಅಕ್ಕಾ, ಹಿಂಗೆ ನುಡಿಸಿದ್ರೆ ನಾನು ಇದ್ದೀನಿ ಅಂತ್ಲೇ ಗೊತ್ತಾಗಲ್ಲ" ಅಂತ ಎರಡು ತಿಂಗಳು ಮುನಿಸು. ಈಗ ಅವಳೇ ಬೇರೆ ಕಡೆ ಹಂಗೆ ನುಡಿಸ್ತಾಳೆ. ಮೃದಂಗ ಬಿಟ್ಟು ಘಟ ಒಂದೇ ಇಟ್ಕೊಂಡೆ, ಅದೂ ನನ್ನಿಂದ ಒಂದಡಿ ಹಿಂದೆ.

ನಡುವೆ ಒಂದು ಪ್ರಯೋಗ ಮಾಡಿದ್ವಿ. ಬೆಂಗಳೂರಿಂದ ಪಾಶ್ಚಾತ್ಯ ಶಾಸ್ತ್ರೀಯ ನುಡಿಸೋ ನಾಲ್ಕು ಸ್ನೇಹಿತರು ಬಂದು ಅದೇ ಹಾಲಲ್ಲಿ ಪಾಶ್ಚಾತ್ಯ ಸಂಗೀತ ರಚನಕಾರ ಹೈಡನ್‌ನ ಓಪಸ್ 76ರ (ಅವನ ಕೃತಿಗಳ ಒಂದು ಗುಂಪು) ಒಂದು ಕ್ವಾರ್ಟೆಟ್, ಅಂದ್ರೆ ನಾಲ್ಕು ವಾದ್ಯದ ಕೃತಿ, ನುಡಿಸಿದ್ರು, ಎರಡು ವಯೊಲಿನ್, ವಯೋಲಾ, ಚೆಲ್ಲೊ. ನನಗೆ ಒಗ್ಗಿದ್ದೆಲ್ಲ ಅವರಿಗೆ ಉಲ್ಟಾ! ರೆಡ್ ಆಕ್ಸೈಡ್ ನೆಲ, ಬರೀ ಗೋಡೆ, ವಯೊಲಿನ್ ಮೇಲಿನ ಸ್ವರ ಕಿವಿಗೆ ಚುಚ್ಚೋ ಹಾಗಾಯ್ತು, ಅವರ ಕಾಲಡಿಗೇ ಎರಡು ಜಮಖಾನ ಹಾಸಿ ಹಿಂದುಗಡೆ ಅಜ್ಜಿ ಕೌದಿ ನೇತು ಹಾಕಿದ ಮೇಲೆ ಸರಿಹೋಯ್ತು. ಚೆಲ್ಲೊ ಕೆಳಗಿನ ಕಬ್ಬಿಣದ ಮೊನೆ ನುಣುಪು ನೆಲದಲ್ಲಿ ಜಾರ್ತಾ ಇತ್ತು, ಕುರ್ಚಿ ಕಾಲಿಗೆ ಬೆಲ್ಟ್ ಕಟ್ಟಿ ಅದಕ್ಕೆ ಸಿಗಿಸಿದ್ವಿ. ನಾಲ್ಕೂ ಜನ ಒಬ್ಬರ ಉಸಿರು ಒಬ್ಬರು ನೋಡ್ಕೊಂಡು ಒಟ್ಟಿಗೆ ಎತ್ತೋದನ್ನ ಮೂರಡಿ ದೂರದಿಂದ ನೋಡಿದ್ದು ನಾನು ಮರೆಯಲ್ಲ, ಆವತ್ತಿಂದ ನಾನೂ ಪಿಟೀಲಿನವಳ ಮುಖ ಕಾಣೋ ಹಾಗೆ ಸ್ವಲ್ಪ ತಿರುಗಿ ಕೂರ್ತೀನಿ.

ಈಗಿನ ಲೆಕ್ಕ: ಪಕ್ಕವಾದ್ಯ ಇಬ್ಬರಿಗೆ ಆರು ಸಾವಿರ, ಇಡ್ಲಿ ಕಾಫಿಗೆ ಎರಡೂವರೆ, ಹೂವು ಗೀವು 300. ಟಿಕೆಟ್ ಇಲ್ಲ, ಡಬ್ಬಿ ಬಾಗಿಲಲ್ಲಿ ಅಲ್ಲ, ಕಾಫಿ ಲೋಟದ ಪಕ್ಕ ಇಟ್ಟೆ, ಕಳೆದ ಮೂರು ಕಚೇರೀಲಿ ಪ್ರತಿ ಸಲ ಒಂಬತ್ತರಿಂದ ಹನ್ನೊಂದು ಸಾವಿರ ಬಿದ್ದಿದೆ. ಹತ್ತಿರ ಹತ್ತಿರ ಸರಿಹೋಗ್ತಿದೆ.

ಬಗೆಹರಿಯದೇ ಇರೋದು ಮಳೆ. ಮನೆ ಹೆಂಚಿನದು, ಜೋರು ಮಳೆ ಹೊಯ್ದ್ರೆ ಘಟ ಕೂಡ ಕೇಳಲ್ಲ. ಜುಲೈ, ಆಗಸ್ಟಲ್ಲಿ ಕಚೇರಿ ಇಟ್ಕೊಳಲ್ಲ.